ಮೀನಿನ ಬರ್ಫದಲ್ಲಿ ಅಕ್ಕನ ರಕ್ತ

ಆ ಲಕೋಟೆ ಒಡೆದ ದಿನ ನಾನು ಕಾರವಾರದ ಕೋಡಿಬಾಗದ ರಸ್ತೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದೆ. ಇಪ್ಪತ್ತಮೂರು ವರ್ಷದ ಹುಡುಗಿ, ಮೈಮೇಲೆ ಲ್ಯಾಬಿನ ಬಿಳಿ ಕೋಟು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಬಂಗಡೆ ಮೀನಿನ ವಾಸನೆ ಹೊಡೆಯುವ ತಗಡಿನ ಡಬ್ಬಿ. ಮಡಗಾಂವದ ಬಸ್ಸು ಕಾಳಿ ಸೇತುವೆಯ ಕಡೆಗೆ ಹೊರಟೇಬಿಟ್ಟಿತ್ತು. "ಹೋಲ್ಡಾನ್!" ಎಂದು ನಾನು ಕಿರುಚಿದ್ದು ನದಿಯ ಆಚೆ ದಡದವರಿಗೂ ಕೇಳಿರಬೇಕು. ಕಂಡಕ್ಟರ್ ಬಾಗಿಲಲ್ಲಿ ತಲೆ ಹೊರಹಾಕಿ, "ಎಂತಾ ಮಾರಾಯ್ತಿ, ದಿನಾ ಡಬ್ಬಿ ಕೊಟ್ಟು ಹೋಗುವವಳು ಇವತ್ತು ನೀನೇ ಹತ್ತುದಾ?" ಎಂದ.

"ಇವತ್ತು ನಾನೂ ಪಾರ್ಸೆಲ್ಲೇ. ಮಾಜಾಳಿಗೆ ಒಂದು ಟಿಕೆಟ್ ಕೊಡಿ" ಎಂದೆ.

ಅಷ್ಟು ಉಬ್ಬಿಹೋಗುವಂಥದ್ದು ಆ ಲಕೋಟೆಯಲ್ಲಿ ಏನಿತ್ತು ಎಂದರೆ, ನನ್ನ ಅಕ್ಕನಿಗೆ ಕಾಯಿಲೆ ಇದೆ ಎಂದು ಇತ್ತು. ಅಕ್ಕನಿಗೆ ಕಾಯಿಲೆ ಎಂದು ತಿಳಿದು ಯಾರಾದರೂ ಕುಣಿಯುತ್ತಾರೆಯೇ? ನಾನು ಕುಣಿದೆ. ಯಾಕೆ ಎಂದು ಹೇಳಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮ ಮನೆ ಅಂಕೋಲೆ ಪೇಟೆಗೆ ಅಂಟಿಕೊಂಡ ಬೊಬ್ರುವಾಡದಲ್ಲಿ. ಒಂದಿಷ್ಟು ಗದ್ದೆ, ಮಳೆ ಮುಗಿದ ಮೇಲೆ ಶೇಂಗಾ, ಸ್ವಲ್ಪ ತರಕಾರಿ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನೆಟ್ಟಿ ನೆಡುವಾಗ ಅವಳ ಸಾಲು ಮೊದಲು ಮುಗಿಯುತ್ತಿತ್ತು. ಮುಗಿಸಿ ಸುಮ್ಮನಿರುತ್ತಿದ್ದಳೇ? ತಿರುಗಿ ಬಂದು ನನ್ನ ಸಾಲಿನ ಅರ್ಧ ತಾನೇ ನೆಟ್ಟು, "ನಿನ್ನ ಕೈಗೆ ಎಣ್ಣೆ ಹಾಕಬೇಕೇ ತಂಗೀ" ಎಂದು ನಗುತ್ತಿದ್ದಳು. ಗದ್ದೆಯ ಆ ತುದಿಯಿಂದ ಅವಳು ಕರೆದರೆ ಮನೆಯ ಹಿತ್ತಲಲ್ಲಿದ್ದ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಅಂಥ ಅಕ್ಕ ಗೋವಾ ಗಡಿಯ ಮಾಜಾಳಿಗೆ ಮದುವೆಯಾಗಿ ಹೋದಳು. ಭಾವನಿಗೆ ಮಡಗಾಂವದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ, ಎರಡನೇ ಪಾಳಿ. ಮಾಜಾಳಿಯ ಎಷ್ಟೋ ಜನರ ಹಾಗೆ ದಿನಾ ಬಸ್ಸಿನಲ್ಲಿ ಗೋವಾಕ್ಕೆ ಹೋಗಿಬರುವವರು. ಮನೆಯಲ್ಲಿ ಅವರ ತಾಯಿ. ಅವರನ್ನು ನಾವೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು.

ಮಗಳು ಹುಟ್ಟಿದ ಮೇಲೆ ಅಕ್ಕ ನಿಧಾನವಾದಳು. ಮೊದಮೊದಲು ಬಾಣಂತನದ ಸುಸ್ತು ಎಂದರು. ವರ್ಷ ಕಳೆಯಿತು, ಎರಡು ಕಳೆಯಿತು, ಸುಸ್ತು ಹೋಗಲಿಲ್ಲ. ಮುಖ ಊದಿಕೊಂಡಿತು. ಬಾಚಣಿಗೆ ತುಂಬ ಕೂದಲು. ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ದನಿ ದಪ್ಪವಾಯಿತು. ಕಾರವಾರದ ಬೇಸಿಗೆಯಲ್ಲಿ ಎಲ್ಲರೂ ಬೆವರಿ ಒದ್ದೆಯಾಗಿರುವಾಗ ಇವಳು ಭಾವನ ಸ್ವೆಟರು ಹಾಕಿಕೊಂಡು ಕೂತಿರುತ್ತಿದ್ದಳು. ಒಂದು ದಿನ ಬಾವಿಕಟ್ಟೆಯ ಹತ್ತಿರ ಮೀನು ಹೆರೆಯುತ್ತ ಕೂತಲ್ಲೇ ನಿದ್ದೆ ಹೋದಳಂತೆ. ಬೆಕ್ಕು ಮೂರು ಬಂಗಡೆ ಹೊತ್ತುಕೊಂಡು ಹೋಗಿ ನಾಲ್ಕನೆಯದಕ್ಕೆ ಬಂದಾಗ ಆಯಿ ನೋಡಿದರು. ಅವತ್ತಿನಿಂದ ಅವಳಿಗೆ ಆ ಮನೆಯಲ್ಲಿ ಒಂದೇ ಹೆಸರು, ಮೈಗಳ್ಳಿ.

ಯುಗಾದಿ ಕಳೆದು ವಾರಕ್ಕೆ ಭಾವ ಅವಳನ್ನು ಬೊಬ್ರುವಾಡಕ್ಕೆ ತಂದು ಬಿಟ್ಟರು. ಮೂರು ವರ್ಷದ ಮಗಳನ್ನು ತರಲಿಲ್ಲ. ಜಗಲಿಯಲ್ಲಿ ನಿಂತೇ ಹೇಳಿದರು: "ಆಯಿ ಹೇಳಿದ್ದಾಳೆ, ಸ್ವಲ್ಪ ದಿನ ಇದ್ದು ಚುರುಕಾಗಿ ಬರ್ಲಿ ಅಂತ. ಮಗು ಅಲ್ಲೇ ಇರ್ಲಿ, ಇವಳ ಕೈಯಲ್ಲಿ ನೋಡ್ಕೊಳ್ಳುಕೆ ಆಗುದಿಲ್ಲ. ಚೌತಿ ಒಳಗೆ ಸರಿ ಆಗ್ದಿದ್ರೆ ಮುಂದಿಂದು ಮಾತಾಡುವ." ಮುಂದಿಂದು ಎಂದರೆ ಏನು ಎಂದು ನಮ್ಮ ಅಮ್ಮ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ನಾನಂತೂ ಬೆಂಕಿಯಾದೆ. ಭಾವನಿಗೆ ಒಂದು ಲೋಟ ನೀರನ್ನೂ ಕೊಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ.

ಈಗ ನನ್ನ ಮೂರ್ಖತನದ ಕಥೆ. ಅಕ್ಕನ ಕುತ್ತಿಗೆಯ ಮುಂಭಾಗ ಸ್ವಲ್ಪ ಉಬ್ಬಿದ್ದನ್ನು ಮೊದಲು ನೋಡಿದವಳು ನಾನೇ. ನೋಡಿದವಳೇ ತೀರ್ಪು ಕೊಟ್ಟೆ: ಗಳಗಂಡ! ಹತ್ತನೇ ಇಯತ್ತೆಯ ವಿಜ್ಞಾನದಲ್ಲಿ ಓದಿದ್ದು ಬಾಯಿಪಾಠ ಇತ್ತು. ಸಮುದ್ರದಿಂದ ದೂರ, ಗುಡ್ಡಗಾಡಿನಲ್ಲಿರುವವರಿಗೆ ಅಯೋಡಿನ್ ಸಿಗುವುದಿಲ್ಲ, ಗಳಗಂಡ ಬರುತ್ತದೆ. ಸಮುದ್ರದ ಮೀನು, ಉಪ್ಪು ತಿನ್ನುವವರಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಹಾಗಾದರೆ ಸಮುದ್ರದ ಬುಡದಲ್ಲಿರುವ ಮಾಜಾಳಿಯಲ್ಲಿ ನನ್ನ ಅಕ್ಕನಿಗೆ ಇದು ಹೇಗೆ ಬಂತು? ನನ್ನ ಬಿಸಿ ತಲೆಗೆ ಉತ್ತರ ಸಿಕ್ಕಿಯೇಬಿಟ್ಟಿತು. ಅವರು ಇವಳಿಗೆ ಮೀನು ಬಡಿಸುತ್ತಲೇ ಇಲ್ಲ! ತುಂಡು ತಾವು ತಿಂದು ಇವಳಿಗೆ ಬರೇ ಸಾರು ಹಾಕಿದ್ದಾರೆ!

"ಅಮ್ಮಾ, ಇವಳಿಗೆ ಮೀನು ಹಾಕು. ಬೇರೆ ಎಂತದೂ ಬೇಡ, ಮೀನು ಹಾಕು" ಎಂದೆ.

ಅಮ್ಮ ಕೇಳಬೇಕೆ! ಬೆಳಿಗ್ಗೆ ಗಂಜಿಗೆ ಸುಟ್ಟ ಒಣಮೀನು, ಮಧ್ಯಾಹ್ನ ತಾರ್ಲೆ ಮೀನಿನ ಸಾರು, ಸಂಜೆ ಶೆಟ್ಲಿ ಎಂಬ ಸಿಗಡಿಯ ಪಲ್ಯ. ಭಾನುವಾರ ಬಂಡೆಯಿಂದ ಕಿತ್ತು ತಂದ ನೀಲಿಕಲ್ಲು ಎಂಬ ಚಿಪ್ಪುಮೀನು. ಗಂಜಿಗೆ ಒಂದು ಹರಳು ಉಪ್ಪು ಹೆಚ್ಚು. ಪಕ್ಕದ ಮನೆಯವರು ಬಂದು, "ಹೌದಾ, ಸಮುದ್ರದ ಹೆಣ್ಣಿಗೆ ಗಳಗಂಡ ಬಂದ್ರೆ ಸಮುದ್ರಕ್ಕೇ ಮರ್ಯಾದೆ ಇಲ್ಲ" ಎಂದು ತಾವೂ ಒಂದು ಮುಷ್ಟಿ ಒಣ ಶೆಟ್ಲಿ ಕೊಟ್ಟುಹೋಗುತ್ತಿದ್ದರು. ಅಕ್ಕ ಬೇಡ ಎನ್ನಲಿಲ್ಲ. ತುತ್ತು ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಅಗಿಯುತ್ತ ಗೋಡೆ ನೋಡುತ್ತಿದ್ದಳು. ಅಗಿಯುವುದೂ ಅವಳಿಗೆ ಕೆಲಸವೇ ಆಗಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ಒಂದೂವರೆ ತಿಂಗಳು ಹೀಗೆ ಕಳೆಯಿತು, ಅವಳು ಇನ್ನಷ್ಟು ಊದಿದಳು.

ತಮಾಷೆ ನೋಡಿ, ನಾನು ಕೆಲಸ ಮಾಡುತ್ತಿದ್ದದ್ದೇ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ! ದಿನಾ ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ, ಕೋಡಿಬಾಗದ ಸಣ್ಣ ಲ್ಯಾಬಿನಲ್ಲಿ ಊರವರ ತೋಳಿಗೆಲ್ಲ ಸೂಜಿ ಚುಚ್ಚುವುದು ನನ್ನ ಉದ್ಯೋಗ. ಸಕ್ಕರೆ, ಹಿಮೋಗ್ಲೋಬಿನ್, ಮೂತ್ರ ಇವೆಲ್ಲ ನಾವೇ ನೋಡುತ್ತಿದ್ದೆವು. ಹಾರ್ಮೋನು ಗೀರ್ಮೋನು ಎಂದರೆ ಮಡಗಾಂವದ ದೊಡ್ಡ ಲ್ಯಾಬಿಗೆ, ಅಲ್ಲಿಂದ ಮುಂಬಯಿಗೆ. ಕಳಿಸುವುದು ಹೇಗೆ? ಅದಕ್ಕೆ ನಮ್ಮದೇ ಒಂದು ವ್ಯವಸ್ಥೆ ಇತ್ತು. ಮೀನು ಮಾರ್ಕೆಟಿನಲ್ಲಿ ಬರ್ಫ ಒಡೆಯುವವನು ಒಂದು ಬೊಗಸೆ ಪುಡಿ ಬರ್ಫ ಕೊಡುತ್ತಿದ್ದ. ತಗಡಿನ ಡಬ್ಬಿಗೆ ಮರದ ಹೊಟ್ಟು, ಅದರ ಮೇಲೆ ಬರ್ಫ, ನಡುವೆ ಬಟ್ಟೆ ಸುತ್ತಿದ ಬಾಟ್ಲಿಗಳು. ಡಬ್ಬಿಯನ್ನು ಮಡಗಾಂವದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಮಾಜಾಳಿಯಲ್ಲಿ ಬಸ್ಸು ಹತ್ತುವ ನಮ್ಮ ಮನುಷ್ಯ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಕೊಟ್ಟು, ತಾನು ಕಾರ್ಖಾನೆಗೆ ಹೋಗುತ್ತಿದ್ದ. ಬಂದ ರಿಪೋರ್ಟಿನ ಲಕೋಟೆಗಳನ್ನು ಮಾರನೇ ಬೆಳಿಗ್ಗೆ ಕಾರವಾರದ ಬಸ್ಸಿಗೆ ಹಾಕುತ್ತಿದ್ದ. ಮಡಗಾಂವದವರು ಮಾತ್ರ ಆಗಾಗ ಚೀಟಿ ಬರೆಯುತ್ತಿದ್ದರು, ನಿಮ್ಮ ರಕ್ತ ಎಲ್ಲ ಬಂಗಡೆ ವಾಸನೆ ಬರುತ್ತದೆ ಎಂದು.

ಆ ನಮ್ಮ ಮನುಷ್ಯ ಯಾರು ಎಂದರೆ ನನ್ನ ಭಾವ. ಅಕ್ಕನ ಮದುವೆಯಾದ ಹೊಸತರಲ್ಲಿ ನಾನೇ ಹೇಳಿ ಗೊತ್ತುಮಾಡಿದ್ದು. ಈಗ ಮಾತು ಬಿಟ್ಟಿದ್ದರೂ ಡಬ್ಬಿ ಮಾತ್ರ ನಮ್ಮಿಬ್ಬರ ನಡುವೆ ಓಡಾಡುತ್ತಿತ್ತು. ರೋಗಿಗಳ ಮೇಲೆ ಕೋಪ ತೀರಿಸಿಕೊಳ್ಳಲಾಗುತ್ತದೆಯೇ?

ಮೇ ತಿಂಗಳ ಒಂದು ದಿನ ಅಕ್ಕ ಮಗಳಿಗೆ ಒಂದು ಫ್ರಾಕು ಕೊಳ್ಳಬೇಕು ಎಂದಳು. ನನ್ನ ಜೊತೆ ಕಾರವಾರಕ್ಕೆ ಕರೆದುಕೊಂಡು ಹೋದೆ. ಅಂಗಡಿ ತೆರೆಯುವವರೆಗೆ ಲ್ಯಾಬಿನ ಬೆಂಚಿನ ಮೇಲೆ ಕೂರಿಸಿದೆ. ಕೂತವಳು ನಿದ್ದೆ ಹೋದಳು. ಅಷ್ಟರಲ್ಲಿ ನಮ್ಮ ಡಾಕ್ಟರು ಬಂದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಮನೆಮಾತು ಕೊಂಕಣಿ, ಹೆಣ್ಣುಮಕ್ಕಳೆಲ್ಲ ಅವರ ಬಾಯಲ್ಲಿ "ಬಾಯ", ಬೈಗುಳಕ್ಕೆ ಯಾವ ಭಾಷೆಯಾದರೂ ಆದೀತು. ಒಳಗೆ ಹೋಗುವವರು ಬಾಗಿಲಲ್ಲೇ ನಿಂತು, ಮೇ ತಿಂಗಳ ಸೆಕೆಯಲ್ಲಿ ಸ್ವೆಟರು ಹಾಕಿಕೊಂಡು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದವಳನ್ನು ನೋಡಿದರು.

"ಯಾರು ಇದು?"

"ನನ್ನ ಅಕ್ಕ, ಸರ್. ಅಯೋಡಿನ್ ಕಮ್ಮಿ. ಮೀನು ಕೊಡ್ತಾ ಇದ್ದೇವೆ."

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅರೆ ದೇವಾ! ಊರಿನವರ ರಕ್ತ ಎಲ್ಲ ತೆಗೀತೀ. ನಿನ್ನ ಅಕ್ಕನಿಗೆ ಮಾತ್ರ ಮೀನು ಕೊಡ್ತಾ ಇದ್ದೀಯಾ ಬಾಯ? ಯಾರು ಹೇಳಿದ್ರು ಅಯೋಡಿನ್ ಅಂತ?"

"ಹತ್ತನೇ ಇಯತ್ತೆ ಪುಸ್ತಕ" ಎನ್ನಲು ನಾಲಿಗೆ ಬರಲಿಲ್ಲ. ಅವರು ಅಕ್ಕನನ್ನು ಎಬ್ಬಿಸಿ, ಹಿಂದೆ ನಿಂತು ಕುತ್ತಿಗೆ ಒತ್ತಿ ನೋಡಿ, ನೀರು ನುಂಗಲು ಹೇಳಿದರು. ಸ್ಟೂಲಿನ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು. ಆದರೆ ತಿರುಗಿ ಜಾಗಕ್ಕೆ ಬರುವಾಗ ಅದೂ ನಿದ್ದೆಗಣ್ಣಿನಲ್ಲಿ ಬಂದ ಹಾಗೆ ಬಂತು. ಡಾಕ್ಟರ ಕಣ್ಣು ಅರಳಿದ್ದನ್ನು ನಾನು ಕಂಡೆ. "ಟಿಎಸ್‌ಎಚ್ ಕಳಿಸು. ಜೊತೆಗೆ ಥೈರಾಯ್ಡಿನ ಆಂಟಿಬಾಡಿನೂ ಕಳಿಸು. ಇವತ್ತೇ" ಎಂದರು. ಟಿಎಸ್‌ಎಚ್ ಎಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತಷ್ಟೂ ರಕ್ತದಲ್ಲಿ ಏರುವ ಹಾರ್ಮೋನು; ಅದನ್ನು ನಾನು ಎಷ್ಟೋ ಸಲ ಕಳಿಸಿದ್ದೆ. ಈ ಆಂಟಿಬಾಡಿ ಎನ್ನುವುದನ್ನು ಆ ಲ್ಯಾಬಿನಿಂದ ಕಳಿಸುತ್ತಿದ್ದದ್ದು ಅದೇ ಮೊದಲು.

ಸಾವಿರ ತೋಳಿಗೆ ಚುಚ್ಚಿದವಳು ಅಕ್ಕನ ತೋಳಿಗೆ ರಬ್ಬರ್ ಪಟ್ಟಿಯನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದೆ. ಅವಳು ನನ್ನ ಮುಖ ನೋಡಿ, "ನಿಧಾನ ಮಾಡೇ ತಂಗೀ. ನಂಗೆಂತೂ ಗಡಿಬಿಡಿ ಇಲ್ಲ, ಊರಿಗೆಲ್ಲ ಗೊತ್ತದೆ" ಎಂದಳು. ಎಷ್ಟು ತಿಂಗಳಾಗಿತ್ತು ಅವಳು ಹೀಗೆ ಹಾಸ್ಯ ಮಾಡಿ! ನನಗೆ ಅಳು ಬಂತು. ಬೈದುಕೊಂಡು ಸೂಜಿ ಹಾಕಿದೆ.

ಬಾಟ್ಲಿಯ ಮೇಲೆ ನಂಬರು ಮಾತ್ರ ಬರೆಯುವುದು ನಮ್ಮ ಪದ್ಧತಿ. ಹೊತ್ತುಕೊಂಡು ಹೋಗುವವನಿಗೆ ಯಾರ ರಕ್ತ ಎಂದು ತಿಳಿಯಬಾರದು. ಬೇಕಿದ್ದರೆ ಭಾವನಿಗೆ ಒಂದು ಚೀಟಿ ಬರೆದು ತಿಳಿಸಬಹುದಿತ್ತು. ತಿಳಿಸಲಿಲ್ಲ. ಹೊತ್ಕೊಂಡು ಹೋಗು, ಹೆಂಡತಿಯನ್ನು ತಂದು ಬಿಟ್ಟವನೇ, ನೀನೇ ಹೊತ್ಕೊಂಡು ಹೋಗು ಎಂದು ಮನಸ್ಸಿನಲ್ಲೇ ಏಕವಚನದಲ್ಲಿ ಬೈಯುತ್ತ ಬರ್ಫ ತುಂಬಿದೆ.

ಹತ್ತು ದಿನ ಬೆಂಕಿಯ ಮೇಲೆ ಕೂತ ಹಾಗೆ ಕಳೆದೆ. ಹನ್ನೊಂದನೆಯ ದಿನ ಲಕೋಟೆ ಬಂತು. ಒಡೆದೆ. ಎರಡೇ ಸಾಲು. ಟಿಎಸ್‌ಎಚ್ ಎಷ್ಟು ಮೇಲಿತ್ತೆಂದರೆ, ನಮ್ಮ ಅಳತೆಗೆ ಸಿಗಲಿಲ್ಲ, ಇದಕ್ಕಿಂತ ಹೆಚ್ಚು ಎಂದು ಮಾತ್ರ ಬರೆದಿದ್ದರು. ಅದು ಅರ್ಥವಾಯಿತು. ಆಂಟಿಬಾಡಿಯ ಮುಂದೆ ಬರೆದದ್ದು ಒಂದು, ಅದರ ಪಕ್ಕ ಒಂದರ ಮೇಲೊಂದು ಎರಡು ಚುಕ್ಕೆ, ಆಮೇಲೆ ಇಪ್ಪತ್ತೈದು ಸಾವಿರದ ಆರುನೂರು. ಅಕ್ಕನ ಕಡೆ ಒಬ್ಬ, ವೈರಿಯ ಕಡೆ ಇಪ್ಪತ್ತೈದು ಸಾವಿರ! ಮುಗಿಯಿತು ಎಂದುಕೊಂಡು ಡಾಕ್ಟರ ಮೇಜಿನ ಮೇಲೆ ಕಾಗದ ಇಟ್ಟೆ.

ಅವರು ನೋಡಿದರು. ಮೇಜು ಗುದ್ದಿದರು. "ಸಿಕ್ತು!" ಎಂದರು.

"ಸರ್, ಒಂದಕ್ಕೆ ಇಪ್ಪತ್ತೈದು ಸಾವಿರ..."

"ಅಯ್ಯೋ ಹುಚ್ಚಿ, ಅದು ಯುದ್ಧದ ಲೆಕ್ಕ ಅಲ್ಲ. ನಿನ್ನ ಬಿಳಿ ಕೋಟಿಗೆ ಹಾಕುವ ನೀಲಿ ತಾ."

ಬಿಳಿ ಕೋಟು ಒಗೆಯಲು ಇಟ್ಟಿದ್ದ ನೀಲಿಯ ಬಾಟ್ಲಿ ತಂದೆ. ಐದು ಗಾಜಿನ ಕೊಳವೆ ಸಾಲಾಗಿ ನಿಲ್ಲಿಸಿದರು. ಮೊದಲನೆಯದಕ್ಕೆ ನೂರು ಪಾಲು ನೀರಿಗೆ ಒಂದು ಪಾಲು ನೀಲಿ. ಅದರಲ್ಲಿ ಒಂದು ಪಾಲು ತೆಗೆದು ಮೂರು ಪಾಲು ನೀರು ಸೇರಿಸಿ ಎರಡನೆಯದಕ್ಕೆ, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ಮೂರು ಪಾಲು ನೀರು. ಹೀಗೆ ಐದನೆಯ ಕೊಳವೆಯವರೆಗೂ ನನ್ನ ಕೈಯಲ್ಲೇ ಮಾಡಿಸಿದರು. ಪ್ರತಿ ಸಲವೂ "ಇನ್ನೂ ನೀಲಿ ಕಾಣ್ತದಾ?" ಎಂದು ಕೇಳಿದರು. ಐದನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದಾಗಲೂ ಒಂದು ಚೂರು ನೀಲಿ ಕಂಡಿತು.

"ನೂರು, ನಾನೂರು, ಸಾವಿರದ ಆರುನೂರು, ಆರು ಸಾವಿರದ ನಾನೂರು, ಐದನೆಯದು ಅದೇ ನೋಡು ಇಪ್ಪತ್ತೈದು ಸಾವಿರದ ಆರುನೂರು. ನಿನ್ನ ಅಕ್ಕನ ರಕ್ತವನ್ನು ಇಷ್ಟು ತೆಳು ಮಾಡಿದ್ರೂ ಆಂಟಿಬಾಡಿ ಕಾಣಿಸಿದೆ. ಏನೂ ಇಲ್ಲದವರದ್ದು ಮೊದಲ ಕೊಳವೆಯಲ್ಲೇ ಮಾಯ. ಈಗ ಕೇಳು. ಮೈಯೊಳಗೆ ರೋಗ ಕಾಯ್ಲಿಕ್ಕೆ ನಾಯಿಗಳಿದ್ದ ಹಾಗೆ ಕೆಲವು ಇರ್ತವೆ. ಹೊರಗಿನವರು ಬಂದ್ರೆ ಕಚ್ಚಬೇಕು. ನಿನ್ನ ಅಕ್ಕನದ್ದು ಮನೆಯವರನ್ನೇ ಕಚ್ಚಿವೆ. ಕುತ್ತಿಗೆಯ ಗ್ರಂಥಿಯನ್ನು ಕಚ್ಚಿ ಕಚ್ಚಿ ಹಾಳು ಮಾಡಿವೆ. ಅದು ಪಾಪ ಊದಿಕೊಂಡಿದೆ, ಕೆಲಸ ಮಾತ್ರ ನಿಂತಿದೆ."

"ಹಾಗಾದ್ರೆ ಈ ನಂಬರು ಇಳಿಸ್ಲಿಕ್ಕೆ ಔಷಧಿ?"

"ಬೇಡ! ಈ ನಂಬರಿನ ಬೆನ್ನು ಹತ್ತಬೇಡ. ಯಾಕೆ ಹಾಳಾಯ್ತು ಅಂತ ಇದು ಹೇಳಿತು, ಇದರ ಕೆಲಸ ಮುಗೀತು. ಎಷ್ಟು ಹಾಳಾಗಿದೆ ಅಂತ ಹೇಳುದು ಟಿಎಸ್‌ಎಚ್. ಆಂಟಿಬಾಡಿ ಇದ್ದೂ ಗಟ್ಟಿಮುಟ್ಟಾಗಿ ಓಡಾಡುವವರು ಎಷ್ಟೋ ಜನ ಇದ್ದಾರೆ. ಇವಳಿಗೆ ಎರಡೂ ಇದೆ, ಅದಕ್ಕೆ ಗುಳಿಗೆ. ಗ್ರಂಥಿ ಮಾಡಬೇಕಾದ್ದನ್ನು ಹೊರಗಿಂದ ಕೊಡುದು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬದುಕಿರುವಷ್ಟು ದಿನ. ಇದು ಅಂಟುರೋಗ ಅಲ್ಲ."

"ಮತ್ತೆ ಮೀನು, ಸರ್?"

"ರುಚಿಗೆ ತಿನ್ನಲಿ. ಔಷಧಿ ಅಂತ ತುರುಕಬೇಡ. ಇಂಥವರಿಗೆ ಅಯೋಡಿನ್ ಅತಿಯಾದ್ರೆ ಕೆಡುದೇ ಹೆಚ್ಚು."

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಒಂದೂವರೆ ತಿಂಗಳು ಅಕ್ಕ ಗೋಡೆ ನೋಡುತ್ತ ಅಗಿದದ್ದು ಕಣ್ಣ ಮುಂದೆ ಬಂತು. ಆದರೆ ಆ ನಾಚಿಕೆಯ ಮೇಲೆ ಉಕ್ಕಿ ಬಂದದ್ದು ಖುಷಿ. ಕಾರಣ ಇದೆ! ಕಾಗದದ ಮೇಲೆ ಇದೆ! ಅವಳು ಮೈಗಳ್ಳಿ ಅಲ್ಲ! ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಡಬ್ಬಿ ಎತ್ತಿಕೊಂಡು ಓಡಿದೆ. ಮೊದಲಲ್ಲೇ ಹೇಳಿದ ಓಟ ಅದು.

ಮಾಜಾಳಿಯಲ್ಲಿ ಭಾವ ದಿನದ ಹಾಗೆ ಊಟದ ಚೀಲ ಹಿಡಿದು ನಿಂತಿದ್ದರು. ಹತ್ತಿದವರು ಡಬ್ಬಿಗಾಗಿ ಕಂಡಕ್ಟರ್ ಕಡೆ ಕೈ ಚಾಚಿದರು. ಅವನು ನನ್ನನ್ನು ತೋರಿಸಿದ. ಭಾವನ ಮುಖ ಬಿಳಿಚಿಕೊಂಡಿತು. "ಎಂತಾ ಆಯ್ತು? ಅವಳಿಗೆ ಎಂತಾರೂ ಆಯ್ತಾ?" ಎಂದು ನಿಂತಲ್ಲೇ ಕೇಳಿದರು.

"ಕೂತ್ಕೊಳ್ಳಿ ಭಾವ. ಹನ್ನೊಂದು ದಿನದ ಹಿಂದೆ ಡಬ್ಬಿಯಲ್ಲಿ ಎಷ್ಟು ಬಾಟ್ಲಿ ಇತ್ತು?"

"ನಾಲ್ಕು ಇರ್ಬೇಕು. ಯಾಕೆ?"

"ಒಂದು ನಿಮ್ಮ ಹೆಂಡತಿದು."

ಅವರು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಕೂತರು. ನಾನು ಬಿಡಲಿಲ್ಲ. ಗಡಿಯ ಚೆಕ್‌ಪೋಸ್ಟ್ ಬರುವಷ್ಟರಲ್ಲಿ ನೀಲಿ, ನಾಯಿ, ಟಿಎಸ್‌ಎಚ್, ಗುಳಿಗೆ, ನನ್ನ ಮೀನಿನ ಮೂರ್ಖತನ ಎಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹಿಂದಿನ ಸೀಟಿನ ಇಬ್ಬರು ಹೆಂಗಸರು ಕಿವಿ ಇಲ್ಲೇ ಇಟ್ಟಿದ್ದರು. ಕೇಳಲಿ ಎಂದೇ ದನಿ ಏರಿಸಿದ್ದೆ. ಭಾವ ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಬಗ್ಗಿ ಕೂತಿದ್ದರು. "ಅವತ್ತು ಬಸ್ಸು ರಶ್ ಇತ್ತು. ನಾ ಡಬ್ಬಿ ಕಾಲ ಕೆಳಗೆ ಇಟ್ಟಿದ್ದೆ" ಎಂದರು. ಅಷ್ಟು ಹೇಳಿ ಅವರ ಕಣ್ಣು ತುಂಬಿತು. ಎರಡು ತಿಂಗಳಿಂದ ಕೂಡಿಟ್ಟ ಬೈಗುಳ ಎಲ್ಲ ನನ್ನ ಬಾಯಲ್ಲೇ ಕರಗಿತು. "ಬರ್ಫ ಇತ್ತಲ್ಲ ಭಾವ, ಏನೂ ಆಗ್ಲಿಲ್ಲ" ಎಂದೆ.

ಡಬ್ಬಿಯಲ್ಲಿ ಬೇರೆಯವರ ರಕ್ತ ಇತ್ತು, ಅವರು ಮಡಗಾಂವಕ್ಕೆ ಹೋಗಲೇಬೇಕಿತ್ತು. ನಾನು ಚೆಕ್‌ಪೋಸ್ಟಿನಲ್ಲಿ ಇಳಿದು ಕಾರವಾರದ ಬಸ್ಸಿಗೆ ಕಾದೆ. ಬಿಳಿ ಕೋಟು ಹಾಕಿಕೊಂಡು ಅಳುತ್ತ ನಗುತ್ತ ನಿಂತವಳನ್ನು ಕಂಡು ಪೊಲೀಸಿನವನಿಗೆ ಅನುಮಾನ ಬಂತು. ಗೋವಾದಿಂದ ಹೆಂಡ ತರುವವರನ್ನು ಹಿಡಿಯುವುದೇ ಅವನ ಕೆಲಸ. "ಕೋಟಿನ ಜೇಬಲ್ಲಿ ಬಾಟ್ಲಿ ಉಂಟಾ?" ಎಂದು ಕೇಳಿದ. "ಇತ್ತು, ಆಗಲೇ ಗೋವಾಕ್ಕೆ ಹೋಯ್ತು" ಎಂದೆ. ಅವನು ತಲೆ ಕೆರೆದುಕೊಂಡು ನನ್ನನ್ನು ಬಿಟ್ಟ.

ಸಂಜೆ ಬೊಬ್ರುವಾಡದ ಅಂಗಳದಲ್ಲಿ ಅಕ್ಕನಿಗೆ ನೀಲಿಯ ಆಟ ತೋರಿಸಿದೆ. ತಂಬಿಗೆಯಿಂದ ಬಿಂದಿಗೆಗೆ, ಬಿಂದಿಗೆಯಿಂದ ಹಂಡೆಗೆ. ಅವಳು ಹಂಡೆಯೊಳಗೆ ಇಣುಕಿ ಇಣುಕಿ ನೋಡಿದಳು. ನಾಯಿಯ ವಿಷಯ ಕೇಳಿದಳು. ಆಮೇಲೆ ನಿಧಾನವಾಗಿ, "ಹಂಗಾರೆ ನಾ ಮೈಗಳ್ಳಿ ಅಲ್ವಾ?" ಎಂದಳು.

"ಅಲ್ವೇ ಅಲ್ಲ! ಯಾರು ಹೇಳ್ತಾರೆ ನೋಡ್ತೆ ನಾನು!"

"ಯಾರೋ ಹೇಳುದು ಬಿಡು. ನಾನೇ ಹಂಗೆ ತಿಳ್ಕಂಡಿದ್ದೆ" ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂಗಳದಲ್ಲಿ ನಾವು ಮೂವರೂ ಅತ್ತೆವು. ಅಮ್ಮ ಮೊದಲು ಮೂಗು ಒರೆಸಿಕೊಂಡು, "ಹಂಗಾರೆ ಇಷ್ಟು ಒಣಮೀನು ಎಂತ ಮಾಡುದೇ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ಗುಳಿಗೆ ಶುರುವಾಯಿತು. ಮಾತ್ರೆ ನುಂಗಿದ ಮಾರನೇ ದಿನ ಅಕ್ಕ ಎದ್ದು ಕುಣಿಯುತ್ತಾಳೆ ಎಂದು ನಾನು ಕಾದೆ. ಎರಡು ವಾರ ಏನೂ ಇಲ್ಲ. ಮೂರನೇ ವಾರ ಮುಖದ ಊತ ಇಳಿದ ಹಾಗೆ ಕಂಡಿತು. ಮಳೆ ಬಿಟ್ಟ ಒಂದು ಮಧ್ಯಾಹ್ನ ಅವಳು ಸ್ವೆಟರು ಬಿಚ್ಚಿ ಒಗೆದು, "ಎಂತಾ ಸೆಕೆ ಮಾರಾಯ್ತಿ!" ಎಂದಳು. ಸೆಕೆ! ಅಕ್ಕನಿಗೆ ಸೆಕೆ! ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ದಿನಕ್ಕೊಂದು ಸುದ್ದಿ. ಇವತ್ತು ತಾನೇ ನೀರು ಸೇದಿದಳು, ಇವತ್ತು ಎಮ್ಮೆಯನ್ನು ಕರೆದದ್ದು ರಸ್ತೆಗೆ ಕೇಳಿತು, ಇವತ್ತು ನನ್ನ ಜೊತೆ ಜಗಳ ಆಡಿ ಗೆದ್ದಳು. ಭಾವ ಪ್ರತಿ ಭಾನುವಾರ ಮಗಳನ್ನು ಹೊತ್ತುಕೊಂಡು ಬರುತ್ತಿದ್ದರು. ಅವರಿಗೆ ನಾನೇ ನೀರು ಕೊಟ್ಟೆ.

ಆದರೆ ಆಯಿಯಿಂದ ಒಂದು ಮಾತೂ ಬಂದಿರಲಿಲ್ಲ. ಚೌತಿಗೆ ನಾಲ್ಕು ದಿನ ಇರುವಾಗ ಅಕ್ಕ, "ನಾ ಹೋಗ್ತೆ. ಸುಮ್ನೆ ಮಾತ್ರ ಹೋಗುದಿಲ್ಲ. ನೀ ಬಾ, ಕಾಗದ ತಾ, ಅತ್ತೆ ಎದುರು ಓದು" ಎಂದಳು. ನಾನು ಬೇಡ ಎನ್ನುತ್ತೇನೆಯೇ! ರಿಪೋರ್ಟು, ನೀಲಿ ಬಾಟ್ಲಿ, ಬಾಯಲ್ಲಿ ಹತ್ತಾರು ಖಾರದ ಮಾತು ಸಿದ್ಧಮಾಡಿಕೊಂಡು ಜಗಳಕ್ಕೆಂದೇ ಹೊರಟೆ.

ಆಯಿ ಒಬ್ಬರೇ ಒಲೆಯ ಮುಂದೆ ಕೂತು ಚೌತಿಗೆ ಚಕ್ಕುಲಿ ಕರಿಯುತ್ತಿದ್ದರು. ಬತ್ತಿದ ಮೈ, ಕೈಯೆಲ್ಲ ಹಿಟ್ಟು. ಮೊಮ್ಮಗಳು ಸೊಂಟಕ್ಕೆ ಜೋತುಬಿದ್ದಿದ್ದಳು. ಅಕ್ಕನನ್ನು ಕಂಡು ಮಗು ಓಡಿಬಂತು. ಆಯಿ ಎದ್ದು ನಮ್ಮ ಜೊತೆ ಹಂಡೆ ಇದ್ದ ಹಿತ್ತಲಿಗೆ ಬಂದರು. ನಾನು ರಿಪೋರ್ಟು ಓದಿದೆ. ಅವರ ಹಂಡೆಯಲ್ಲೇ ನೀಲಿ ಕಲಸಿ ತೋರಿಸಿದೆ. ಅವರು ಬಗ್ಗಿ ಹಂಡೆಯೊಳಗೆ ನೋಡಿದರು. ಕೊನೆಗೆ, "ಕೆಲಸಗಳ್ಳತನ ಅಲ್ಲ ಅಂತ ಕಾಗದದಲ್ಲೇ ಉಂಟು?" ಎಂದು ಕೇಳಿದರು.

"ಉಂಟು, ಆಯಿ."

ಅವರು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿದರು. ತೋಳು ಚಾಚಿದರು. "ನಂಗೂ ಚುಚ್ಚು."

"ನಿಮಗೆ ಯಾಕೆ, ಆಯಿ?"

"ನಂಗೂ ಹಂಗೇ ಆಗ್ತದೆ, ಬಾಯ. ಬೆಳಿಗ್ಗೆ ಏಳುವಾಗ ಕಾಲು ಏಳುದಿಲ್ಲ. ನಿನ್ನ ಭಾವನ ಅಪ್ಪ ತೀರಿಹೋದಲ್ಲಿಂದ ಹಿಂಗೇ. ಇವಳು ಮಲಗಿದ್ದು ಕಂಡಾಗೆಲ್ಲ ಹೊಟ್ಟೆ ಉರೀತಿತ್ತು, ನಾನೂ ಮಲಗಿದ್ರೆ ಮನೆ ಎಂತಾಗ್ತದೆ ಅಂತ. ನನ್ನ ರಕ್ತದಲ್ಲಿ ಎಂತ ಉಂಟು ಅದನ್ನೂ ನೋಡು."

ಸಿದ್ಧಮಾಡಿಕೊಂಡು ಹೋಗಿದ್ದ ಖಾರದ ಮಾತು ಬಿಟ್ಟು, ನಾಳೆ ಲ್ಯಾಬಿಗೆ ಬನ್ನಿ ಆಯಿ ಎಂದೆ. ಮಾರನೇ ದಿನವೇ ಭಾವ ಅವರನ್ನು ಲ್ಯಾಬಿಗೆ ಕರೆದುಕೊಂಡು ಬಂದರು. ಆಯಿಯ ರಕ್ತವೂ ಬಂಗಡೆಯ ಬರ್ಫದಲ್ಲಿ, ಮಗನ ತೊಡೆಯ ಮೇಲೆ ಮಡಗಾಂವಕ್ಕೆ ಹೋಯಿತು. ಅಕ್ಕ ಚೌತಿಗೆ ಮಾಜಾಳಿಯಲ್ಲೇ ಉಳಿದಳು.

ಗಣಪತಿ ಮುಳುಗಿಸಿ ವಾರವಾದ ಮೇಲೆ ಲಕೋಟೆ ಬಂತು. ಟಿಎಸ್‌ಎಚ್ ಸರಿ. ಆಂಟಿಬಾಡಿ ಇಲ್ಲ, ಮೊದಲ ಕೊಳವೆಯಲ್ಲೇ ಮಾಯ. ಸಕ್ಕರೆ, ಹಿಮೋಗ್ಲೋಬಿನ್ ನಾವೇ ನೋಡಿದ್ದೆವು, ಅವೂ ಸರಿ. ನಾನು ಮತ್ತೆ ಬಸ್ಸಿಗೆ ಓಡಿದೆ. ಒಳ್ಳೆಯ ಸುದ್ದಿಯನ್ನು ಕೈಯಲ್ಲಿ ಹಿಡಿದು ನಡೆದುಕೊಂಡು ಹೋಗುವ ಅಭ್ಯಾಸ ನನಗಿಲ್ಲ. ಮಾಜಾಳಿಯ ಅಂಗಳದಿಂದಲೇ ಕೂಗಿದೆ: "ಆಯೀ, ಏನೂ ಇಲ್ಲ! ನಿಮಗೆ ಏನೂ ಇಲ್ಲ!"

ಅವರು ಬಾವಿಯಿಂದ ನೀರು ತರುತ್ತಿದ್ದರು. ಕೊಡ ಸೊಂಟದಲ್ಲಿಟ್ಟುಕೊಂಡೇ ನಿಂತರು. ಇನ್ನೊಂದು ಕೈಯಲ್ಲಿ ಕಾಗದ ಇಸಿದುಕೊಂಡು, ಓದಲು ಬಾರದವರು ಅದನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಏನೂ ಇಲ್ವಾ?"

"ಇಲ್ಲ ಆಯಿ."

"ಹಂಗಾರೆ ನಾ ಬರೇ ದಣಿದದ್ದಾ?"

ಬರೇ ದಣಿವಿಗೆ ಯಾವ ಬಾಟ್ಲಿಯಲ್ಲಿ ಏನು ಕಳಿಸುವುದು ಎಂದು ನನಗೆ ಗೊತ್ತಿರಲಿಲ್ಲ, ನಮ್ಮ ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಒಳಗಿನಿಂದ ಅಕ್ಕ ಬಂದಳು. ಅತ್ತೆಯ ಸೊಂಟದಿಂದ ಕೊಡ ತೆಗೆದು ತನ್ನ ಸೊಂಟಕ್ಕೆ ಇಟ್ಟುಕೊಂಡು, "ಅತ್ತೆ, ನೀವು ಕುಂತ್ಕಣಿ" ಎಂದಳು.

ಆಯಿ ಕಾಗದ ಹಿಡಿದುಕೊಂಡೇ ಜಗಲಿಯ ಮೇಲೆ ಕೂತರು. ಅವರು ಹಗಲು ಹೊತ್ತಿನಲ್ಲಿ ಸುಮ್ಮನೆ ಕೂತದ್ದನ್ನು ನಾನು ಅಂದೇ ಮೊದಲು ಕಂಡದ್ದು.